ಸ್ಮಶಾನದ ಪಟ್ಟಿ ಅಳಿಸಿದ ಮಧ್ಯಾಹ್ನ

ನಮ್ಮ ಪಂಚಾಯ್ತಿ ಅಧ್ಯಕ್ಷ ಪುಟ್ಟವೀರಪ್ಪನಿಗೆ ಸ್ಮಶಾನದ ಜಾಗದಲ್ಲಿ ಛತ್ರ ಕಟ್ಟಿಸೋ ಹುಚ್ಚು ಹಿಡೀತು. ಅಲ್ಲಿ ಮಣ್ಣಾದವರ ಪಟ್ಟಿ ಪಂಚಾಯ್ತಿ ಕಂಪ್ಯೂಟರಿನಲ್ಲಿತ್ತು.

"ಅಳಿಸಮ್ಮ ಅದನ್ನ," ಅಂದ ಆಪರೇಟರ್ ಅಕ್ಕನಿಗೆ. "ಪಟ್ಟಿ ಇಲ್ಲ ಅಂದ್ರೆ ಹೆಣಾನೂ ಇಲ್ಲ. ಆಗಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಅಕ್ಕನ ಅಪ್ಪನೂ ಆ ಮಣ್ಣಲ್ಲೇ ಮಲಗಿದ್ದ. ಆದ್ರೂ ಅಳಿಸಿದಳು. ಪರದೆ ಮೇಲಿನ ಕಸದಬುಟ್ಟಿಯನ್ನೂ ಖಾಲಿ ಮಾಡಿದಳು.

"ಹೋದ್ರಾ ಎಲ್ಲಾ?"

"ಹೆಸರು ಹೋಯ್ತು ಯಜಮಾನ್ರೇ, ಅವರು ಹೋಗಿಲ್ಲ. ಕಂಪ್ಯೂಟರು 'ಈ ಜಾಗ ಖಾಲಿ' ಅಂತ ಬರ್ಕೊಂಡು ಸುಮ್ಮನಾಗುತ್ತೆ, ಅಷ್ಟೇ. ಒಳಗಿದ್ದವರು ಇದ್ದಲ್ಲೇ ಇರ್ತಾರೆ. ನೋಡ್ತೀರಾ?"

ಅಳಿಸಿದ್ದನ್ನ ಹುಡುಕಿ ತರೋ ಪ್ರೋಗ್ರಾಮು ಒಂದನ್ನ ಶುರು ಮಾಡಿದಳು. ಕಪ್ಪು ಪರದೆ ಮೇಲೆ ಒಂದೊಂದೇ ಹೆಸರು ಎದ್ದು ಬಂತು. ಮೊದಲು ಎದ್ದದ್ದು ಸಣ್ಣಮಾದಮ್ಮ, ಅಧ್ಯಕ್ಷನ ಅವ್ವ. ಮಟಮಟ ಮಧ್ಯಾಹ್ನದಲ್ಲೂ ಅವನು ಹೆಗಲ ಮೇಲಿನ ಟವೆಲ್ ಮೈಗೆ ಸುತ್ತಿಕೊಂಡ.

"ಮುಚ್ಚಮ್ಮ! ಪೂರ್ತಿ ಹೋಗೋಕೆ ಏನ್ ಮಾಡ್ಬೇಕು?"

"ಅವರ ಜಾಗದಲ್ಲಿ ಬೇರೆಯವರನ್ನ ಬರೀಬೇಕು. ಇನ್ನೂರ ಹನ್ನೆರಡು ಹೆಸರು ಬೇಕು. ನಿಮ್ಮವ್ವನ ಜಾಗಕ್ಕೆ ನಿಮ್ಮದೇ ಹಾಕ್ಲಾ?"

ನಿಜ ಹೇಳ್ಬೇಕಂದ್ರೆ ಅಲ್ಲಿ ದಿನಸಿ ಚೀಟಿ ತುಂಬಿಸಿದ್ರೂ ಸಾಕಿತ್ತು. ಅದನ್ನ ಅಕ್ಕ ಹೇಳ್ತಾಳಾ? ಬದುಕಿರೋರ ಹೆಸರು ಸ್ಮಶಾನದ ಪಟ್ಟಿಗೆ ಬರೆದ್ರೆ ಮಣ್ಣು ಕರೆಯುತ್ತೆ ಅಂತ ನಮ್ಮೂರಲ್ಲಿ ಕೂಸಿಗೂ ಗೊತ್ತು.

ಅಕ್ಕ 'ಪು' ಅಂತ ಒತ್ತಿದಳು.

"ಬೇಡ ತಾಯಿ! ಎಲ್ಲಾ ಇದ್ದ ಹಾಗೇ ಇರ್ಲಿ. ಛತ್ರಾನೂ ಬೇಡ, ಏನೂ ಬೇಡ!"

ಪಟ್ಟಿ ವಾಪಸ್ ಬಂತು. ಬಾಗಿಲ ತನಕ ಹೋದವನು ತಿರುಗಿ ನಿಂತ.

"ಅದ್ರಲ್ಲಿ ನನ್ನ ಹೆಸರಿಲ್ಲ ತಾನೇ?"

"ಇನ್ನೂ ಇಲ್ಲ ಯಜಮಾನ್ರೇ," ಅಂದಳು ಅಕ್ಕ.