ಬಾಲಕ್ಕೆ ಬಿದ್ದ ಮುದ್ರೆ

ಹಡಗು ಹತ್ತೋಕೆ ಎಲ್ಲಕ್ಕಿಂತ ಮೊದಲು ಏನು ಬೇಕು, ಹೇಳಿ ನೋಡೋಣ? ಕಾಲಲ್ಲ, ಕಾಸಲ್ಲ. ಬಿಡಿ, ನಿಮ್ಮ ಕೈಲಾಗಲ್ಲ. ಹಲ್ಲಿ ಸಾಕಮ್ಮನಿಗೂ ಗೊತ್ತಿರಲಿಲ್ಲ.

ಆಚೆ ದ್ವೀಪದಲ್ಲಿ ಸಾಕಮ್ಮನ ಮಗಳು ಮೊಟ್ಟೆ ಇಟ್ಟಿದ್ದಳು. ಅವು ಒಡೆಯೋದರೊಳಗೆ ಬಾಣಂತನಕ್ಕೆ ಹೋಗಿ ಸೇರಬೇಕು. ಇವತ್ತಿನ ಹಡಗು ತಪ್ಪಿದರೆ ಇನ್ನು ಮಳೆಗಾಲ ಮುಗಿದ ಮೇಲೇ. ಸಾಕಮ್ಮ ಪಾಸ್‌ಪೋರ್ಟನ್ನು ಎದೆಗವಚಿಕೊಂಡು ಸಾಲಿನಲ್ಲಿ ನಿಂತಿದ್ದಳು.

ಏಡಿ ಅಧಿಕಾರಿ ಕಣ್ಣು ಹೊರಚಾಚಿ ಓದಿದ: "ಗುರುತಿನ ಚಿಹ್ನೆ, ಉದ್ದನೆಯ ಬಾಲ. ಎಲ್ಲಿ, ತೋರಿಸಮ್ಮ!"

ಅವನು ಕೊಂಡಿಯನ್ನು ಮೇಜಿಗೆ ಕುಟ್ಟಿದ ರಭಸಕ್ಕೆ ಸಾಕಮ್ಮನ ಜೀವವೇ ಹಾರಿತು. ಹೆದರಿದ ಹಲ್ಲಿಗೆ ಏನಾಗುತ್ತೋ ಅದೇ ಆಯಿತು. ಬಾಲ ಕಳಚಿ ಮೇಜಿನ ಮೇಲೆ ಬಿದ್ದು ಒದ್ದಾಡತೊಡಗಿತು.

ಏಡಿ ಬಾಲವನ್ನು ಪಾಸ್‌ಪೋರ್ಟಿನ ಪಕ್ಕ ಹಿಡಿದು ಅಳೆದು, ಮುದ್ರೆ ಒತ್ತಿ, ಪಾಸ್‌ಪೋರ್ಟನ್ನು ಬಾಲಕ್ಕೇ ಕೊಟ್ಟ. "ಸರಿಯಾಗಿದೆ. ಇವರು ಹೋಗಬಹುದು. ನೀನ್ಯಾರು?"

"ಸ್ವಾಮಿ, ಆ ಬಾಲ ನಂದೇ!" ಅಂದು ಸಾಕಮ್ಮ ಲೊಚಗುಟ್ಟಿದಳು.

"ಊರವರ ಮಾತಿಗೆಲ್ಲ ಲೊಚಗುಟ್ಟಿ ನಿಜ ಅನ್ನೋಳು ನೀನು. ನಿನ್ನ ಮಾತಿಗೆ ನೀನೇ ಲೊಚಗುಟ್ಟಿದರೆ ನಡೆಯಲ್ಲಮ್ಮ. ದಾಖಲೆ ತಾ."

"ದಾಖಲೆ ಬಾಲದ ಹತ್ತಿರ ಇದೆ, ಸ್ವಾಮಿ!"

"ಹಾಗಾದರೆ ಅದು ಬಾಲದ್ದೇ. ಮುಂದಿನವರು ಬನ್ನಿ."

ಹಡಗು ಕೂಗಿತು. ಬಾಲ ಕಿಟಕಿ ಪಕ್ಕದ ಸೀಟಿನಲ್ಲಿ ಕುಣಿಯುತ್ತಾ ಹೊರಟುಹೋಯಿತು. ಸಾಕಮ್ಮ ಬಂದರಿನ ಗೋಡೆಗೆ ಅಂಟಿಕೊಂಡು, ಹೊಸ ಬಾಲ ಎಷ್ಟು ಚಿಗುರಿತು ಅಂತ ಗಳಿಗೆಗೊಮ್ಮೆ ಹಿಂತಿರುಗಿ ನೋಡಿಕೊಂಡಳು.

ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಬಾಲ ಬೆಳೀತು, ಏಡಿ ಎದ್ದು ನಿಂತು ಕೈಮುಗಿದು ಹಡಗು ಹತ್ತಿಸಿದ, ಸಾಕಮ್ಮ ಮೊಮ್ಮಕ್ಕಳಿಗೆ ಎಣ್ಣೆ ತೀಡಿದಳು.

ಸಾಕಮ್ಮ ಗೋಡೆಗೆ ಅಂಟಿಕೊಂಡಳಲ್ಲ, ಅಲ್ಲಿಯವರೆಗಿನದು ನಿಜವಾಗಿ ನಡೆದದ್ದು. ಆಮೇಲಿನ ಕತೆಯನ್ನು, ಸಾಕಮ್ಮನ ಮುಖ ನೋಡಲಾಗದೆ, ನಾನೇ ಕಟ್ಟಿದೆ.