ಕೆರೆ ಏರಿಗೆ ಗೆರೆ ಎಳೆದ ಮುಳ್ಳುಹಂದಿ

ಒಂದು ಕಾಡಿನಲ್ಲಿ ಏರಿ ಒಡೆದ ಕೆರೆಯೊಂದಿತ್ತು. ಹಿಂದಿನ ಮಳೆಗಾಲದಲ್ಲಿ ಏರಿ ಕೊಚ್ಚಿಹೋಗಿ ನೀರೆಲ್ಲ ಹಳ್ಳದ ಪಾಲಾಗಿತ್ತು. ನಡುವೆ ಒಂದು ಹೊಂಡದಷ್ಟು ನೀರು ಮಾತ್ರ ಉಳಿದಿತ್ತು. ಮಳೆಗೆ ಇನ್ನು ಒಂದೇ ತಿಂಗಳು. ಅಷ್ಟರಲ್ಲಿ ಏರಿ ಕಟ್ಟದಿದ್ದರೆ ಬರುವ ಬೇಸಿಗೆಗೆ ಯಾರಿಗೂ ಗುಟುಕು ನೀರಿಲ್ಲ.

ಆನೆಯಜ್ಜಿ ಎಲ್ಲರನ್ನೂ ಕರೆಸಿತು.

"ಕಲ್ಲು ನಾವು ತರುತ್ತೇವೆ. ಮಣ್ಣು ಹಂದಿಗಳು ಅಗೆಯಲಿ. ಆದರೆ ಕಲ್ಲು ಎಲ್ಲಿ ಸುರಿಯಬೇಕು, ಮಣ್ಣು ಎಲ್ಲಿ ತೆಗೆಯಬೇಕು, ಯಾರು ಯಾವ ದಾರಿಯಲ್ಲಿ ಓಡಾಡಬೇಕು ಅನ್ನೋದನ್ನು ಒಬ್ಬರು ಮೊದಲೇ ಗೊತ್ತುಮಾಡಬೇಕು. ಇಲ್ಲದಿದ್ದರೆ ಒಬ್ಬರ ಕಾಲು ಒಬ್ಬರು ತುಳಿಯುತ್ತೇವೆ. ನಮ್ಮ ಕಾಲು ಬಿದ್ದರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ."

ಎಲ್ಲರೂ ಮುಳ್ಳುಹಂದಿಯ ಕಡೆ ತಿರುಗಿದರು. ಏಳು ಬಾಯಿಯ ಬಿಲ ತೋಡಿ, ಯಾವ ಮಳೆಗೂ ಕುಸಿಯದಂತೆ ಉಳಿಸಿಕೊಂಡ ಜೀವ ಅದೊಂದೇ. ಮುಳ್ಳುಹಂದಿಗೆ ಹೆಮ್ಮೆಯಾಯಿತು. ಆಗಲಿ ಎಂದು ಒಪ್ಪಿಕೊಂಡಿತು. ಅದರ ನೆಮ್ಮದಿ ಅಲ್ಲಿಗೆ ಮುಗಿಯಿತು.

ಎರಡು ದಿನ ಕೂತು, ಕೆರೆಯಂಗಳದ ಒಣಮಣ್ಣಿನ ಮೇಲೆ ಅದು ನಕ್ಷೆ ಬರೆಯಿತು. ಬಯಲಿನ ಅಂಚಿಗೆ ಕಲ್ಲಿನ ರಾಶಿ. ಬಂಡೆಗುಡ್ಡದಿಂದ ಅಲ್ಲಿಗೆ ಆನೆಗಳ ದಾರಿ. ಏರಿಯ ಪಕ್ಕ ಮಣ್ಣಿನ ಗುಂಡಿ. ಜಿಂಕೆಗಳು ನೀರಿಗೆ ಇಳಿಯಲು ಬೇರೆಯದೇ ದಾರಿ.

ಮೂರನೇ ಬೆಳಿಗ್ಗೆ ಹಂದಿ ಬಂತು. "ಮುಳ್ಳಕ್ಕ, ಗುಂಡಿ ಪೂರಾ ಬಿಸಿಲಲ್ಲಿದೆ. ಹೊಂಗೆ ಮರದ ಕೆಳಗೆ ಹಾಕು."

"ಬುಡ ಅಗೆದರೆ ಮರ ಬೀಳುತ್ತಲ್ಲೋ ಮಾರಾಯ!"

"ಬೀಳೋ ತನಕ ನೆರಳಿರುತ್ತಲ್ಲ," ಎಂದಿತು ಹಂದಿ.

ಮುಳ್ಳುಹಂದಿ ಹಲ್ಲು ಕಚ್ಚಿಕೊಂಡು ಗುಂಡಿಯನ್ನು ಮರದ ಕಡೆಗೆ ಸ್ವಲ್ಪ ಸರಿಸಿತು. ಅಷ್ಟರಲ್ಲಿ ಟಿಟ್ಟಿಭ ಹಕ್ಕಿ ಕಿರುಚುತ್ತ ಬಂತು. "ಬಯಲ ನೆಲದ ಮೇಲೆ ನನ್ನ ನಾಲ್ಕು ಮೊಟ್ಟೆ ಇವೆ! ಅದರ ಮೇಲೇ ಆನೆ ದಾರಿ ಎಳೆದಿದ್ದೀಯಲ್ಲ, ನಿನಗೆ ಕಣ್ಣಿಲ್ವಾ?"

ಮುಳ್ಳುಹಂದಿ ಮೊಟ್ಟೆಗಳನ್ನು ನಿಜವಾಗಿಯೂ ನೋಡಿರಲಿಲ್ಲ. ನಾಚಿಕೆಯಾಗಿ ದಾರಿಯನ್ನು ಸುತ್ತುಬಳಸಿ ಎಳೆಯಿತು. ಸಂಜೆಗೆ ಆನೆಯಜ್ಜಿಯೇ ಬಂತು. "ಏನಮ್ಮ ಇದು, ದಾರಿ ಹಾವಿನ ಹಾಗೆ ಸುತ್ತಿದೆ? ಕಲ್ಲು ಹೊತ್ತವರಿಗೆ ಒಂದೊಂದು ಹೆಜ್ಜೆಯೂ ಭಾರ."

ಮುಳ್ಳುಹಂದಿ ಅಳಿಸಿತು. ಮತ್ತೆ ಬರೆಯಿತು. ಮಾರನೇ ದಿನವೂ ಅದೇ ಕಥೆ. ಒಬ್ಬರನ್ನು ಒಪ್ಪಿಸಿ ಕಳಿಸುವಷ್ಟರಲ್ಲಿ ಇನ್ನೊಬ್ಬರು ಮುಖ ಊದಿಸಿಕೊಂಡು ಬರುತ್ತಿದ್ದರು. ಮಣ್ಣು ಅಳಿಸಿ ಅಳಿಸಿ ಅದರ ಉಗುರು ಸವೆದವು. ನಿದ್ದೆಯಲ್ಲೂ "ಇಲ್ಲ, ಅಲ್ಲಿ ಆಗಲ್ಲ" ಎಂದು ಕನವರಿಸುತ್ತಿತ್ತು.

ಐದನೇ ದಿನ ಗುಳ್ಳೆನರಿ ಬಂದು ಪಕ್ಕದಲ್ಲಿ ಕೂತಿತು. ಅದರ ದನಿ ಬೆಣ್ಣೆಯಂತಿತ್ತು.

"ಮುಳ್ಳಕ್ಕ, ನನಗೇನೂ ಬೇಡ. ಜಿಂಕೆಗಳ ಪರವಾಗಿ ಬಂದೆ. ಪಾಪ, ಅವು ಬಾಯಿ ಬಿಟ್ಟು ಕೇಳಲ್ಲ. ಅವುಗಳ ದಾರಿಯನ್ನು ಕಾರೆ ಮುಳ್ಳಿನ ಪೊದೆಯ ಪಕ್ಕಕ್ಕೆ ಹಾಕು. ದಾರಿಯ ಇನ್ನೊಂದು ಬದಿಗೆ ಕಲ್ಲು ರಾಶಿ ಹಾಕಿಸು. ಮರೆಯೂ ಆಯ್ತು, ಆನೆ ಕಾಲಿನ ಭಯವೂ ತಪ್ಪಿತು. ಆ ಜಾಗ ಹತ್ತಿರ ಅಂತ ಆನೆಯಜ್ಜಿಯೂ ಒಪ್ಪಿದ್ದಾಳೆ."

ಕೊನೆಗೂ ತನಗಾಗಿ ಏನೂ ಕೇಳದವನೊಬ್ಬ ಸಿಕ್ಕ! ಮುಳ್ಳುಹಂದಿಗೆ ಕಣ್ಣು ತುಂಬಿ ಬಂತು. ಹೋಗಿ ಜಾಗವನ್ನೂ ನೋಡದೆ ಗೆರೆ ಎಳೆದುಬಿಟ್ಟಿತು. ಆಮೇಲೆ, ಸಾಕಪ್ಪ ಸಾಕು ಎಂದುಕೊಂಡು, ಯಾರು ಯಾರು ಏನೇನು ಕೇಳಿದ್ದರೋ ಅದನ್ನೆಲ್ಲ ಹಾಗೆಹಾಗೇ ಬರೆದು ಮುಗಿಸಿತು.

ಮರುದಿನ ಕೆಲಸ ಶುರುವಾಯಿತು. ಹೊತ್ತು ಏರುವುದರೊಳಗೆ ಅಧ್ವಾನವೂ ಶುರುವಾಯಿತು. ಬಂಡೆ ಹೊತ್ತ ಆನೆಗೆ ಮಣ್ಣು ನೂಕುವ ಹಂದಿಗಳು ಎದುರಾದವು. ಎರಡೂ ದಾರಿ ಒಂದನ್ನೊಂದು ದಾಟುವುದನ್ನು ಯಾರೂ ನೋಡಿಯೇ ಇರಲಿಲ್ಲ. ಹೆದರಿದ ಹಂದಿ ಅಡ್ಡ ನುಗ್ಗಿತು. ಆನೆ ತಡವರಿಸಿತು. ಬಂಡೆ ಜಾರಿ ಉರುಳಿ, ಟಿಟ್ಟಿಭದ ಮೊಟ್ಟೆಗಳಿಂದ ಒಂದೇ ಗೇಣು ದೂರದಲ್ಲಿ ನಿಂತಿತು.

ಮುಳ್ಳುಹಂದಿ ಓಡಿ ಬಂತು. ಹಿಂದೆಯೇ "ನಾನು ಆಗಲೇ ಹೇಳಿದ್ದೆ" ಎಂದು ನಾಲ್ಕು ಕಡೆಯಿಂದ ಕೂಗು ಎದ್ದಿತು.

"ಬಾಯಿ ಮುಚ್ಚಿ!" ಎಂದು ಅದು ಗುಡುಗಿತು. ಮೈಮೇಲಿನ ಮುಳ್ಳೆಲ್ಲ ನಿಮಿರಿ ನಿಂತಿದ್ದವು. "ಹೇಳಿದ್ದಿರಿ, ನಿಜ. ಒಬ್ಬೊಬ್ಬರಾಗಿ ಬಂದು ನನ್ನ ಕಿವಿಯಲ್ಲಿ ಹೇಳಿದಿರಿ. ನಾನೂ ಒಬ್ಬೊಬ್ಬರಿಗೂ ತಲೆಯಾಡಿಸಿದೆ. ತಪ್ಪು ನನ್ನದೂ ಹೌದು. ನಾಳೆ ಬೆಳಿಗ್ಗೆ ಎಲ್ಲರೂ ಒಟ್ಟಿಗೇ ಬನ್ನಿ. ಹೊರೆ ಬೇಡ. ಅವರವರ ದಾರಿಯಲ್ಲಿ ಅವರವರು ನಡೆದು ತೋರಿಸಿ. ಮಿಕ್ಕವರು ನೋಡಲಿ."

ಬೆಳಿಗ್ಗೆ ಆನೆಯಜ್ಜಿ ಮೊದಲು ನಡೆಯಿತು. ಮೊಟ್ಟೆಗಳ ಹತ್ತಿರ ಬಂದು ನಿಂತು, ನಾಲ್ಕನ್ನೂ ನೋಡಿತು. "ಇಷ್ಟು ಪುಟ್ಟವಾ?" ಎಂದು ತಾನಾಗಿಯೇ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿಯಿತು. ಅದನ್ನು ನೋಡಿದ ಹಂದಿ ಗೊಣಗುತ್ತಲೇ, "ಮಧ್ಯಾಹ್ನ ನಾವು ನೆರಳಲ್ಲಿ ಮಲಗ್ತೀವಿ. ಗುಂಡಿ ಮೊದಲಿದ್ದ ಕಡೆಯೇ ಇರಲಿ, ನಿಮ್ಮ ದಾರಿಗೆ ಅಡ್ಡ ಬರಲ್ಲ," ಎಂದಿತು.

"ಇನ್ನು ಜಿಂಕೆಗಳು," ಎಂದಿತು ಮುಳ್ಳುಹಂದಿ.

ತಾಯಿಜಿಂಕೆ ಮರಿಯನ್ನು ಒತ್ತಿಕೊಂಡು ಕಾರೆ ಪೊದೆಯ ಮುಂದೆ ನಿಂತುಬಿಟ್ಟಿತು. ಒಳಗೆ ಕಾಲಿಡಲಿಲ್ಲ.

"ಯಾಕಮ್ಮ? ಈ ದಾರಿಯೇ ಬೇಕು ಅಂತ ನೀವೇ ತಾನೆ ಕೇಳಿದ್ದು?"

"ನಾವೆಲ್ಲಿ ಕೇಳಿದೆವು ಮುಳ್ಳಕ್ಕ? ನೀನೇ ಇದನ್ನು ಗೊತ್ತುಮಾಡಿದ್ದೀಯ, ಬೇರೆ ದಾರಿ ಇಲ್ಲ ಅಂತ ನರಿಯಣ್ಣ ಬಂದು ಹೇಳಿದ."

ಎಲ್ಲರ ಕಣ್ಣೂ ಗುಳ್ಳೆನರಿಯ ಮೇಲೆ ಬಿತ್ತು. ಮುಳ್ಳುಹಂದಿ ತಾನೇ ಆ ದಾರಿಯೊಳಗೆ ಹೊಕ್ಕಿತು. ಒಂದು ಕಡೆ ಆನೆಗಳು ಹಿಂದಿನ ದಿನ ಸುರಿದ ಕಲ್ಲು, ಒಂದು ಕಡೆ ಮುಳ್ಳು. ಒಂದು ಮರಿ ಹೋಗುವಷ್ಟೇ ಜಾಗ. ತಿರುಗಿ ಓಡಲು ದಾರಿಯಿಲ್ಲ. ಪೊದೆಯ ಬುಡದಲ್ಲಿ ಹೊಸದಾಗಿ ತೋಡಿದ ಬಿಲದ ಬಾಯಿ ಕಂಡಿತು. ಬಿಲ ತೋಡುವವರಿಗೆ ಹಸಿಮಣ್ಣು ಮೋಸ ಮಾಡುವುದಿಲ್ಲ. ಮಣ್ಣಿನಲ್ಲಿ ನರಿಯ ಹೆಜ್ಜೆಗಳಿದ್ದವು.

"ಇದೇನು?" ಎಂದು ಹೊರಗೆ ಬಂದು ಕೇಳಿತು.

"ಅದು... ಜಿಂಕೆಗಳನ್ನು ಕಾಯೋಕೆ," ಎಂದು ಗುಳ್ಳೆನರಿ ತೊದಲಿತು.

ಹಂದಿಗೂ ನಗು ಬಂತು. ಆನೆಯಜ್ಜಿಗೆ ನಗು ಬರಲಿಲ್ಲ. ಅದು ಸೊಂಡಿಲು ಎತ್ತಿತು. ಮುಳ್ಳುಹಂದಿ ಅಡ್ಡ ಬಂತು.

"ಹೊಡೆಯೋದು ಬೇಡ ಅಜ್ಜಿ. ಜಿಂಕೆಗಳ ದಾರಿ ಬಯಲ ಕಡೆಗೆ ಹೋಗಲಿ. ಕಲ್ಲು ರಾಶಿ ಮಾತ್ರ ಇಲ್ಲಿಯೇ ಇರಲಿ, ಪೊದೆಯ ಮೇಲೂ ಬರಲಿ. ಜಾಗ ಹತ್ತಿರ, ಯಾರಿಗೂ ಅಡ್ಡಿಯಿಲ್ಲ. ನರಿಯಣ್ಣ ಕಷ್ಟಪಟ್ಟು ಹುಡುಕಿಕೊಟ್ಟದ್ದಲ್ಲವೇ?"

ಮಧ್ಯಾಹ್ನದೊಳಗೆ ಪೊದೆಯೂ ಬಿಲವೂ ಬಂಡೆಗಳ ಅಡಿಗೆ ಹೋದವು. ಗುಳ್ಳೆನರಿ ಒಂದೆರಡು ಸುತ್ತು ಹಾಕಿತು. ಇರು ಎನ್ನುವವರು ಯಾರೂ ಇರಲಿಲ್ಲ. ಬಾಲ ಮುದುರಿಕೊಂಡು ಗುಡ್ಡದ ಆಚೆಗೆ ಹೊರಟುಹೋಯಿತು.

ಆಮೇಲೆ ಕೆಲಸ ಸರಾಗವಾಗಿ ನಡೆಯಿತು. ಎಲ್ಲರೂ ಸ್ವಲ್ಪಸ್ವಲ್ಪ ಗೊಣಗಿದರು. ಪೂರ್ತಿ ಗೊಣಗಿದವರು ಯಾರೂ ಇಲ್ಲ. ಮಳೆಗೆ ಎರಡು ದಿನ ಮುಂಚೆ ಏರಿ ಎದ್ದು ನಿಂತಿತು.

ಮೂರು ದೊಡ್ಡ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಮುಳ್ಳುಹಂದಿ ಏರಿಯ ಮೇಲೆ ಕೂತಿತ್ತು. ಕೆರೆ ತುಂಬಿ ಅಲೆ ಏಳುತ್ತಿತ್ತು. ಹಂದಿ ಬಂದು ಪಕ್ಕದಲ್ಲಿ ನಿಂತಿತು.

"ಮುಳ್ಳಕ್ಕ, ಏರಿ ಇನ್ನೊಂದು ಮೊಳ ಎತ್ತರ ಇರಬೇಕಿತ್ತು."

ಮುಳ್ಳುಹಂದಿಗೆ ಏನೇನೋ ಹೇಳಬೇಕೆನ್ನಿಸಿತು. ಉಸಿರು ಎಳೆದುಕೊಂಡಿತು.

"ಮೊದಲು ನೀರು ಕುಡಿಯೋ," ಎಂದಿತು.

ಹಂದಿ ತಲೆ ಬಗ್ಗಿಸಿ ಹೊಟ್ಟೆ ತುಂಬ ಕುಡಿಯಿತು.

ನೀತಿ: ಹತ್ತು ಜನರ ಕೆಲಸವನ್ನು ಹತ್ತು ಜನರನ್ನೂ ಎದುರಿಗೆ ಕೂರಿಸಿಕೊಂಡೇ ಗೊತ್ತುಮಾಡಬೇಕು. ಒಬ್ಬೊಬ್ಬರ ಕಿವಿಮಾತಿಗೂ ತಲೆಯಾಡಿಸಿದರೆ ಕೆಲಸ ಕೆಡುತ್ತದೆ, ಕಪಟಿ ಮಾತ್ರ ಗೆಲ್ಲುತ್ತಾನೆ.