ಕಲಿತ ಯಂತ್ರ ಮತ್ತೆ ಕೂಗಿದಾಗ

ಹೊಳೆಯ ಈಚೆ ದಡದಲ್ಲಿ ಸಂಗವ್ವ ತಾಯಿಯ ಆಶ್ರಮ. ಅಲ್ಲಿ ಜಪಕ್ಕೊಂದು ಕೋಣೆ, ಕಂಪ್ಯೂಟರ್ ಕಲಿಸಲು ಒಂದು ದೊಡ್ಡ ಹಾಲ್. ಎರಡಕ್ಕೂ ಚಪ್ಪಲಿ ಬಿಟ್ಟೇ ಹೋಗಬೇಕು.

ಕಸ್ತೂರಿ ಅಲ್ಲಿನ ಹಳೆಯ ಶಿಷ್ಯೆ. ಅವಳ ನಂತರ ಬಂದವರೆಲ್ಲ ಕಲಿತು ಹೋಗಿ ಬೇರೆ ಊರುಗಳಲ್ಲಿ ಕಲಿಸುತ್ತಿದ್ದರು. ಹೋಗುವ ಮಾತು ಬಂದಾಗಲೆಲ್ಲ ಇವಳದು ಒಂದೇ ಉತ್ತರ: “ಇನ್ನೊಂದು ಕಲಿಯೂದು ಉಳದೈತ್ರಿ ತಾಯಿ.”

ಒಂದು ದಿನ ತಾಯಿ ಕರೆದರು. “ಆಚೆ ದಡದ ಹೆಣ್ಮಕ್ಕಳಿಗೆ ಶಾಲಿ ತೆಗೀಬೇಕು. ಈ ಹಾಲ್‌ನ್ಯಾಗಿನ ಕಂಪ್ಯೂಟರ್ ಯಂತ್ರ ಎಲ್ಲಾ ಅಲ್ಲಿಗೆ ಹೊಂಟಾವ. ಅವಕ್ಕ ಹೊಸ ಸಿಸ್ಟಮ್ ಹಾಕು. ಅವುಗಳ ಸಂಗಾಟ ನೀನೂ ಹೋಗು.”

“ಒಬ್ಬಾಕೀನ ಏನ್ರಿ?”

“ದೊಡ್ಡಣ್ಣ ಬರ್ತಾನಲ್ಲ.”

ದೊಡ್ಡಣ್ಣ ಅಂದರೆ ಮೂಲೆಯಲ್ಲಿ ಗೊಯ್ ಎನ್ನುತ್ತ ಕೂತ ಸರ್ವರ್. ಅಲ್ಲಿನ ಯಂತ್ರಗಳೆಲ್ಲ ತಂತಿಯಿಂದ ಅವನಿಗೇ ಕಟ್ಟಿಕೊಂಡಿದ್ದವು.

“ಪೆನ್‌ಡ್ರೈವ್ ಹಿಡ್ಕೊಂಡು ಒಂದೊಂದರ ಮುಂದ ಕೂಡಬ್ಯಾಡ. ಕುಂತಲ್ಲಿಂದ ಎಲ್ಲಕ್ಕೂ ಹಾಕೂದು ಕಲಿ” ಎಂದರು ತಾಯಿ.

ಕಸ್ತೂರಿ ಓದಿದಳು, ಕೆಡಿಸಿದಳು, ಮತ್ತೆ ಓದಿದಳು. ಕಡೆಗೆ ಹಾದಿ ಸಿಕ್ಕಿತು. ಯಂತ್ರ ಚಾಲೂ ಆಗಿ ಕಣ್ಣು ಬಿಟ್ಟೊಡನೆ ತಂತಿಯ ಮೇಲೆ ಕೂಗುತ್ತದೆ: ನಾನು ಯಾರು? ಏನು ಮಾಡಲಿ? ದೊಡ್ಡಣ್ಣ ಅದಕ್ಕೊಂದು ಹೆಸರಿಡುತ್ತಾನೆ, ಹಳೆಯದನ್ನು ಒರೆಸಿಸುತ್ತಾನೆ, ಹೊಸ ಸಿಸ್ಟಮ್ ತುಂಬಿಸುತ್ತಾನೆ. ನಡುವೆ ಯಾರೂ ಕೈ ಹಾಕಬೇಕಿಲ್ಲ.

ಬೆಳಿಗ್ಗೆ ಎಲ್ಲವನ್ನೂ ಚಾಲೂ ಮಾಡಿದಳು. ಸಾಲು ಪರದೆಗಳ ಮೇಲೆ, ಕೆಲಸ ಎಷ್ಟಾಯಿತೆಂದು ತೋರಿಸುವ ನೀಲಿ ಪಟ್ಟಿ ಬೆಳೆಯತೊಡಗಿತು. ಊಟ ಮುಗಿಸಿ ಬಂದು ನೋಡಿದರೆ ಪಟ್ಟಿ ಅರ್ಧದಲ್ಲಿತ್ತು. ಸಂಜೆ ಬಂದಳು. ಆಗಲೂ ಅರ್ಧ.

“ತಾಯಿ, ಈ ಯಂತ್ರ ಭಾಳ ಮಂದ ಅದಾವ್ರಿ.”

“ನೀ ನೋಡಿದ್ಯಾ?”

“ಎರಡು ಸಲ ಬಂದು ನೋಡೀನ್ರಿ.”

“ಬಂದು ನೋಡಿದಿ. ಕುಂತು ನೋಡಿದ್ಯಾ?”

ಕಸ್ತೂರಿ ಕಿಟಕಿಯ ಪಕ್ಕದ ಯಂತ್ರದ ಮುಂದೆ ಕೂತಳು. ಪಟ್ಟಿ ತುದಿ ಮುಟ್ಟಿತು. ಹೊಸ ಸಿಸ್ಟಮ್ ತುಂಬಿದ ಯಂತ್ರ ಒಮ್ಮೆ ಆರಿ ಮತ್ತೆ ಕಣ್ಣು ತೆರೆಯಿತು. ತೆರೆದದ್ದೇ ಮತ್ತೆ ಕೂಗಿತು: ನಾನು ಯಾರು? ಏನು ಮಾಡಲಿ?

ದೊಡ್ಡಣ್ಣ ಬೇಸರಿಸಲಿಲ್ಲ. ಆಗಷ್ಟೇ ಕಲಿಸಿದ್ದನ್ನೆಲ್ಲ ಒರೆಸಿಸಿ, ಮತ್ತೆ ಮೊದಲಿನಿಂದ ತುಂಬಿಸಲು ಹತ್ತಿದ.

“ಅಯ್ಯ ಶಿವನ! ಮುಂಜಾನಿಂದ ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು!”

ತಾಯಿ ನಕ್ಕರು. “ಅಂವನ ತಾಳ್ಮಿ ನೋಡು. ನನಗೂ ಇಲ್ಲ ಅಷ್ಟು.”

“ನಗಬ್ಯಾಡ್ರಿ. ಇವು ದಡ್ಡ ಅದಾವ. ಕಲತ ಮ್ಯಾಲೂ ಯಾಕ ಕೂಗಬೇಕು? ಕೂಗೂದನ್ನ ಬಂದ್ ಮಾಡ್ತೀನಿ.”

“ಮಾಡು. ನಾಳೆ ಜಡ್ಡು ಬಂದ್ರ ಯಾರನ್ನ ಕರೀಬೇಕವು?”

ಕಸ್ತೂರಿ ಕೀಲಿಮಣೆಯಿಂದ ಕೈ ತೆಗೆದು ದೊಡ್ಡಣ್ಣನ ಕಡೆ ತಿರುಗಿದಳು.

“ಹಂಗಾರ ತಪ್ಪು ದೊಡ್ಡಣ್ಣಂದು. ಕಲತದ್ದಕ್ಕೂ ಕಲೀದಿದ್ದಕ್ಕೂ ಒಂದ ಉತ್ತರ ಕೊಡ್ತಾನ.”

“ಕಲತೈತಿ ಅಂತ ಅವಗ ಹೆಂಗ ಗೊತ್ತಾಗಬೇಕು?”

“ಇಷ್ಟೊತ್ತಾತು, ಕಲತಿರಬೇಕು ಅಂತ ತಿಳಕೊಳ್ಳಲಿ.”

“ತಿಳಕೊಂಡ. ನಡುವ ಕರೆಂಟ್ ಹೋಗಿ ಪಾಠ ಅರ್ಧಕ್ಕ ನಿಂತಿದ್ರ? ಆಮ್ಯಾಲ?”

ಕಸ್ತೂರಿ ಕುರ್ಚಿಯನ್ನು ಕಿಟಕಿಯ ಪಕ್ಕದ ಯಂತ್ರದ ಹತ್ತಿರ ಎಳೆದುಕೊಂಡಳು.

ಮರುದಿನ ಅವಳು ಪರದೆಯ ಮುಂದಿಂದ ಏಳಲಿಲ್ಲ. ಪಟ್ಟಿ ತುಂಬುವ ಆ ಕೊನೆಯ ಗಳಿಗೆಯನ್ನೇ ಮತ್ತೆ ಮತ್ತೆ ನೋಡಿದಳು. ಕೆಲಸ ಮುಗಿದದ್ದು ಯಾರಿಗೆ ಗೊತ್ತು? ದೊಡ್ಡಣ್ಣನಿಗಲ್ಲ, ನನಗೂ ಅಲ್ಲ. ಆ ಯಂತ್ರಕ್ಕೆ ಮಾತ್ರ.

ಕೂಡಲೇ, ದೊಡ್ಡಣ್ಣ ಯಂತ್ರಗಳಿಗೆ ಕಲಿಸುವ ಪಾಠದ ಕೊನೆಗೆ ಒಂದು ಸಾಲು ಸೇರಿಸಿದಳು. ಎಲ್ಲ ಮುಗಿದ ಮೇಲೆ ಯಂತ್ರ ತಾನೇ ದೊಡ್ಡಣ್ಣನಿಗೆ ‘ಆತು’ ಅನ್ನಬೇಕು. ಹಾಗೆ ಅಂದ ಯಂತ್ರ ಮತ್ತೆ ಕೂಗಿದರೆ ದೊಡ್ಡಣ್ಣ ಒರೆಸಿಸಬಾರದು. ‘ನಿನ್ನೊಳಗ ಐತಿ, ಅಲ್ಲಿಂದ ಏಳು’ ಎಂದಷ್ಟೇ ಹೇಳಬೇಕು.

ಕಿಟಕಿಯ ಪಕ್ಕದ್ದು ಮೊದಲು ಎದ್ದಿತು. ಆಮೇಲೆ ಅದರ ಮಗ್ಗುಲಿನದು. ಹೊತ್ತು ಇಳಿಯುವುದರೊಳಗೆ ಹಾಲ್ ತುಂಬ ಹೊಸ ಪರದೆಗಳು ಬೆಳಗಿದವು. ಕಸ್ತೂರಿ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು.

ಮರುದಿನ ಬೆಳಿಗ್ಗೆ ಯಂತ್ರಗಳನ್ನೆಲ್ಲ ದೋಣಿಗೆ ಏರಿಸಿದ್ದಾಯಿತು. ದೊಡ್ಡಣ್ಣನನ್ನು ಕೌದಿಯಲ್ಲಿ ಸುತ್ತಿ ನಡುವೆ ಕೂರಿಸಿದರು. ಕಸ್ತೂರಿ ಮಾತ್ರ ಇನ್ನೂ ದಡದ ಮೇಲೆ, ತಾಯಿಯ ಮುಂದೆ ನಿಂತಿದ್ದಳು.

“ಮೊದಲನೇ ದಿನ ಏನ ಕಲಸ್ಲಿ ತಾಯಿ?”

ತಾಯಿ ಹೇಳಿದರು.

“ಅವರು ಕೇಳಿದ್ದು ನನಗ ಗೊತ್ತಿರಲಿಲ್ಲಂದ್ರ?”

ಅದನ್ನೂ ಹೇಳಿದರು. ಹಿಂದೆಯೂ ಎಷ್ಟೋ ಸಲ ಹೇಳಿದ್ದೇ ಅದು.

“ಅಕ್ಕಾರ, ಬಿಸಲು ಏರಾಕತ್ತೈತಿ! ಬರ್ತೀರೋ, ಹುಟ್ಟು ಹಾಕ್ಲೋ?” ದೋಣಿಯವನು ಕೂಗಿದ.

ಕಸ್ತೂರಿ ದನಿ ತಗ್ಗಿಸಿದಳು. “ತಂತಿ ಎಳಿಯೂದು ನನಗ ಇನ್ನೂ ಪೂರಾ ಬರೂದಿಲ್ರಿ. ಯಂತ್ರ ಮುಂದ ಹೋಗಲಿ. ನಾ ಅದನ್ನೊಂದು ಕಲತು, ಆಮ್ಯಾಲ ಹೋಗ್ಲೇನ್ರಿ?”

ತಾಯಿ ನೀರಿನ ಕಡೆ ನೋಡುತ್ತ ನಿಂತರು.

“ಯಾಕ್ರಿ, ಏನೂ ಹೇಳವಲ್ರಿ? ನಾ ಕಲತೀನೋ ಇಲ್ಲೋ, ನೀವರ ಹೇಳ್ರಿ.”

“ಅದು ನನಗ ಹೆಂಗ ಗೊತ್ತಾಗಬೇಕು ತಂಗಿ? ನೀ ಇನ್ನೂ ‘ಆತು’ ಅಂದಿಲ್ಲ.”